ಹಸಿರು ಪಟ್ಟಿಗೆ ಇಳಿದ ಗುಂಡಕ್ಕ

ಗುಂಡಕ್ಕನಿಗೆ ಆ ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ರದ್ದಿ ಕಾಗದದ ಅಂಗಳಕ್ಕೆ ಕೆಲಸಕ್ಕೆ ಸೇರಿದ ವಾರದೊಳಗೇ ಅದು ಅಂಟಿಕೊಂಡಿತಂತೆ. ಕುಳ್ಳ ಆಳು, ಅಗಲ ಮೈ, ಬರುತ್ತಿದ್ದಾಳೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಾದ ಹೆಜ್ಜೆ. ಆ ಹೆಸರಿಗೆ ಅವಳು ಬೇಸರಪಟ್ಟಿದ್ದನ್ನು ಯಾರೂ ಕಂಡಿಲ್ಲ. ಈ ಮೈ ಬಾಡಿಗೆಯದಲ್ಲ, ಸ್ವಂತದ್ದು, ಯಾಕೆ ನಾಚಬೇಕು ಎನ್ನುತ್ತಿದ್ದಳು. ನಾಚುವ ಮಾತು ಹಾಗಿರಲಿ, ಅವಳ ಮನೆಯ ಒಲೆ ಉರಿಯುತ್ತಿದ್ದುದೇ ಆ ಮೈಯಿಂದ.

ಕೆಲಸ ಹೀಗೆ. ಲಾರಿಯಲ್ಲಿ ಬಂದ ರದ್ದಿಯನ್ನು ಮೊದಲು ಬೇರೆ ಮಾಡುತ್ತಾರೆ. ಬಿಳಿ ಹಾಳೆ ಒಂದು ಕಡೆ, ಪತ್ರಿಕೆ ಒಂದು ಕಡೆ, ರಟ್ಟು ಇನ್ನೊಂದು ಕಡೆ. ಆಮೇಲೆ ಅದನ್ನು ಆಳೆತ್ತರದ ಕಬ್ಬಿಣದ ಪೆಟ್ಟಿಗೆಗೆ ಸುರಿಯುತ್ತಾರೆ. ಆ ಪೆಟ್ಟಿಗೆಯೊಳಗೆ ಒಬ್ಬರು ಇಳಿದು ತುಳಿಯಬೇಕು. ತುಳಿದಷ್ಟೂ ಮೇಲಿಂದ ಸುರಿಯುತ್ತಲೇ ಇರುತ್ತಾರೆ. ಕಾಗದ ಅಂಚಿನ ಮಟ್ಟಕ್ಕೆ ಬಂದ ಮೇಲೆ ತುಳಿದವಳು ಹೊರಗೆ ಹತ್ತಿ ಬರುತ್ತಾಳೆ, ಯಂತ್ರದ ಹಲಗೆ ಇಳಿದು ಒತ್ತುತ್ತದೆ, ತಂತಿ ಬಿಗಿದರೆ ದಿಂಡು ಸಿದ್ಧ. ದಿಂಡು ಸಡಿಲವಾದರೆ ಕಾರ್ಖಾನೆಯವರು ಲಾರಿಯನ್ನೇ ವಾಪಸ್ ಅಟ್ಟುತ್ತಾರೆ. ಹಾಗಾಗಿ ತುಳಿಯುವವರಿಗೆ ಅಂಗಳದಲ್ಲಿ ಬೆಲೆ. ಸಣಕಲರನ್ನು ಪೆಟ್ಟಿಗೆಗೆ ಇಳಿಸಿದರೆ ಕಾಗದ ಅವರನ್ನೇ ಮೇಲಕ್ಕೆ ಚಿಮ್ಮಿಸುತ್ತದೆ. ಗುಂಡಕ್ಕ ಇಳಿದರೆ ಕಾಗದ ಬಾಯಿ ಮುಚ್ಚಿಕೊಂಡು ಕೂರುತ್ತಿತ್ತು.

ತಂತಿ ಬಿಗಿದು ಕತ್ತರಿಸುವ ಕೆಲಸ ಅವಳ ಜೊತೆಗಾತಿಯದು. ಅವಳನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು. ಕೈಯಲ್ಲಿದ್ದ ಕತ್ತರಿಗಿಂತ ಬಾಯಿ ಹರಿತ ಎಂಬ ಕಾರಣವೂ ಅದರಲ್ಲಿ ಸೇರಿತ್ತು. ಒಬ್ಬಳು ತುಳಿದು, ಇನ್ನೊಬ್ಬಳು ಬಿಗಿದು, ಇಬ್ಬರೂ ಒಂದೇ ಪೆಟ್ಟಿಗೆಯ ಮುಂದೆ ಪ್ರಾಯ ಕಳೆದವರು. ಗುಂಡಕ್ಕನ ಗಂಡನಿಗೆ ಸೈಕಲ್ ರಿಪೇರಿಯ ಅಂಗಡಿ. ಮಕ್ಕಳಿರಲಿಲ್ಲ. ಸೈಕಲ್ಲುಗಳೂ ಕಡಿಮೆಯಾದ ಮೇಲೆ ಮನೆ ನಿಂತಿದ್ದು ಪೆಟ್ಟಿಗೆಯ ಕೂಲಿಯ ಮೇಲೆಯೇ.

ಒಂದು ದಿನ ಪಕ್ಕದ ಪೆಟ್ಟಿಗೆಯಲ್ಲಿ ತುಳಿಯುತ್ತಿದ್ದ ಗಂಡಾಳು ಎದೆ ಹಿಡಿದುಕೊಂಡು ಕುಸಿದ. ಮೇಲಿನಿಂದ ಸುರಿಯುತ್ತಿದ್ದವರಿಗೆ ಅದು ಗೊತ್ತಾಗಲಿಲ್ಲ. ಇನ್ನೂ ಎರಡು ಮೂಟೆ ಕಾಗದ ಅವನ ಮೇಲೆ ಬಿತ್ತು. ಹೊರಗೆ ತೆಗೆದಾಗ ಉಸಿರಿರಲಿಲ್ಲ. ನಮ್ಮ ಕೂಲಿಕಾರರ ಸಂಘ ಗೇಟಿಗೆ ಅಡ್ಡ ಕೂತಿತು. ಅಂಗಳದಲ್ಲೊಂದು ದವಾಖಾನೆ ಬೇಕು, ವರ್ಷಕ್ಕೊಮ್ಮೆ ಎಲ್ಲರ ಮೈ ಪೂರ್ತಿ ತಪಾಸಣೆಯಾಗಬೇಕು ಎಂದು ಕೇಳಿತು. ಲಾರಿಗಳು ನಿಂತ ಮೇಲೆ ಮಾಲೀಕ ಒಪ್ಪಿದ. ಕೇಳಿದ್ದು ದವಾಖಾನೆ, ಬಂದದ್ದು ತಕ್ಕಡಿ.

ಮೂರು ತಿಂಗಳಿಗೊಮ್ಮೆ ಶಿಬಿರ ಎಂದು ಬೋರ್ಡು ಹಾಕಿದರು. ಬಾಡಿಗೆ ಡಾಕ್ಟರು ಫ್ಯಾನಿನ ಕೆಳಗೆ ಕೂರುವುದು, ನರ್ಸಮ್ಮ ಎಲ್ಲರನ್ನೂ ತಕ್ಕಡಿಗೆ ಹತ್ತಿಸಿ, ಗೋಡೆಗೆ ನಿಲ್ಲಿಸಿ ಎತ್ತರ ಅಳೆಯುವುದು, ಡಾಕ್ಟರು ಗೋಡೆಯ ಮೇಲಿನ ಬಣ್ಣದ ಪಟ ನೋಡಿ ಹಸಿರು, ಹಳದಿ, ಕೆಂಪು ಎಂದು ಕೂಗುವುದು. ಅಷ್ಟೇ. ತೂಕ, ಎತ್ತರದ ಲೆಕ್ಕದಿಂದ ಬರುವ ಅಂಕಿ ಹದಿನೆಂಟೂವರೆಯಿಂದ ಇಪ್ಪತ್ತೈದರವರೆಗೆ ಇದ್ದರೆ ಹಸಿರು, ಅಲ್ಲಿಂದ ಮೂವತ್ತರವರೆಗೆ ಹಳದಿ. ಮೂವತ್ತರ ಮೇಲೆ ಕೆಂಪು, ಹದಿನೆಂಟೂವರೆಯ ಕೆಳಗೂ ಕೆಂಪು. ಕೆಂಪು ಬಂದವರು ಪೆಟ್ಟಿಗೆಗೆ ಇಳಿಯುವಂತಿಲ್ಲ, ಗೇಟಿನ ಹೊರಗೆ ಕಾದು, ಕರೆದ ದಿನ ಮಾತ್ರ ಬರಬೇಕು ಎಂದು ಮೇಸ್ತ್ರಿ ಸಾರಿದ. ಸತ್ತವನನ್ನು ಬದುಕಿದ್ದಾಗ ಆ ಪಟದ ಮುಂದೆ ನಿಲ್ಲಿಸಿದ್ದರೆ ಹಸಿರೇ ಬರುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆಯೊಂದು ಮಾತ್ರ ಮಡಕೆ. ಸೊಂಟ ಅಳೆಯುವ ಟೇಪು ನರ್ಸಮ್ಮನ ಚೀಲದಲ್ಲಿತ್ತು, ಆದರೆ ಪಟದಲ್ಲಿ ಅದಕ್ಕೆ ಬಣ್ಣ ಇರಲಿಲ್ಲ.

ಮೊದಲ ಶಿಬಿರದಲ್ಲಿ ಗುಂಡಕ್ಕನ ತೂಕ ಎಪ್ಪತ್ತನಾಲ್ಕು ಕೇಜಿ. ಎತ್ತರ ಒಂದು ಮೀಟರಿನ ಮೇಲೆ ಐವತ್ತೆರಡು ಸೆಂಟಿಮೀಟರು. ತೂಕವನ್ನು ಮೀಟರಿನ ಎತ್ತರದಿಂದ ಭಾಗಿಸಬೇಕು, ಬಂದದ್ದನ್ನು ಮತ್ತೆ ಅದೇ ಎತ್ತರದಿಂದ ಭಾಗಿಸಬೇಕು, ಬರುವ ಅಂಕಿಗೆ ಬಿಎಂಐ ಎನ್ನುತ್ತಾರೆ, ನಿಮ್ಮದು ಮೂವತ್ತೆರಡು ಎಂದು ನರ್ಸಮ್ಮ ತಾಳ್ಮೆಯಿಂದ ಹೇಳಿದಳು.

"ಜಾಸ್ತಿಯಾಗಿರೋದು ತೂಕಾನಾ, ಕಮ್ಮಿಯಾಗಿರೋದು ಎತ್ತರಾನಾ, ಸಿಸ್ಟರ್?" ಎಂದಳು ಗುಂಡಕ್ಕ. "ಎತ್ತರದ್ದಾದ್ರೆ ನಮ್ಮಪ್ಪನ್ನ ಕೇಳ್ಬೇಕು, ಅವನು ಹೋಗಿ ಬಹಳ ದಿನ ಆಯ್ತು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನರ್ಸಮ್ಮನೂ ನಕ್ಕಳು. ಈ ಅಂಕಿ ಜರಡಿ ಇದ್ದಂತೆ, ಯಾರನ್ನು ಮುಂದೆ ಪರೀಕ್ಷೆ ಮಾಡಬೇಕು ಎಂದು ಸೋಸುವುದಕ್ಕೆ ಮಾತ್ರ, ಮಾಂಸ ಯಾವುದು ಕೊಬ್ಬು ಯಾವುದು ಎಂದು ಅದಕ್ಕೆ ತಿಳಿಯದು, ನಿಮ್ಮಂತೆ ದಿನವಿಡೀ ತುಳಿಯುವವರ ತೊಡೆಯಲ್ಲಿ ಮಾಂಸವೂ ಇರುತ್ತದೆ ಎಂದು ಅವಳು ಹೇಳುತ್ತಿದ್ದಾಗಲೇ ಡಾಕ್ಟರು ಕೆಂಪು ಎಂದು ಕೂಗಿಯಾಗಿತ್ತು. ಮೇಸ್ತ್ರಿ ಮುಂದಿನ ಶಿಬಿರದವರೆಗೆ ಗಡುವು ಕೊಟ್ಟ. ಇಳಿಸು, ಇಲ್ಲ ಹೊರಡು.

ಗುಂಡಕ್ಕ ಇಳಿಸಿದಳು. ಬಸ್ಸು ಬಿಟ್ಟು ನಡೆದೇ ಬರತೊಡಗಿದಳು. ಊಟದ ಡಬ್ಬಿ ಅರ್ಧವಾಯಿತು. ಚಹಾಕ್ಕೆ ಸಕ್ಕರೆ ನಿಂತಿತು. ಕತ್ತರಿ ತನ್ನ ಡಬ್ಬಿಯನ್ನು ಅವಳ ಮೂಗಿನ ಮುಂದೆ ಹಿಡಿದು ರೇಗಿಸುತ್ತಿದ್ದಳು, ಅವಳು ಬೈಯುತ್ತ ಬೇರೆ ಕಡೆ ತಿರುಗಿ ಕೂರುತ್ತಿದ್ದಳು. ಎರಡನೆಯ ಶಿಬಿರಕ್ಕೆ ಅರವತ್ತಾರು ಕೇಜಿ. ಹಳದಿ. ಕೆಲಸ ಉಳಿಯಿತು. ಇಷ್ಟಕ್ಕೆ ಕಥೆ ನಿಂತಿದ್ದರೆ ಮಾಲೀಕನ ತಕ್ಕಡಿಗೆ ನಾನೂ ಕೈ ಮುಗಿಯುತ್ತಿದ್ದೆ. ಅವಳ ಮೊಣಕಾಲಿನ ನೋವು ಕಡಿಮೆಯಾಗಿತ್ತು, ಏಣಿ ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಮೈಭಾರ ಇಳಿದರೆ ಒಳ್ಳೆಯದಾಗುವುದು ಸುಳ್ಳಲ್ಲ.

ಆಮೇಲೆ ಅವಳು ಇಳಿಸದಿದ್ದರೂ ಅದು ಇಳಿಯತೊಡಗಿತು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತಿತ್ತು. ಉಳಿದದ್ದನ್ನು ಅಂಗಳದ ನಾಯಿಗೆ ಹಾಕುತ್ತಿದ್ದಳು. ಕಡಿಮೆ ತಿಂದು ತಿಂದು ಹೊಟ್ಟೆ ಸಣ್ಣದಾಗಿದೆ, ಪಾಠ ಕಲಿತಿದೆ ಎಂದು ಅವಳೇ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಜನ ನಂಬಿದರು. ನಂಬುವುದಷ್ಟೇ ಅಲ್ಲ, ಗುಟ್ಟೇನು ಹೇಳು ಎಂದು ಹಿಂದೆ ಬಿದ್ದರು. ವಿಂಗಡಣೆಯ ಹೆಂಗಸರು ಅವಳ ಹಾಗೆ ಅರ್ಧ ಡಬ್ಬಿ ತರತೊಡಗಿದರು. ಸೈಕಲ್ ಅಂಗಡಿಯ ಗಂಡ, ಮದುವೆಯಲ್ಲಿ ಕಂಡ ಹುಡುಗಿ ವಾಪಸ್ ಬಂದಳು ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚಿದ. ಅವಳು ಅವನ ತಲೆಗೆ ಮೊಟಕಿ, ಆ ಹುಡುಗೀನ ಆಗ ನೀನು ಸರಿಯಾಗಿ ನೋಡಿರಲೇ ಇಲ್ಲ ಅಂದಳಂತೆ.

ಮೂರನೆಯ ಶಿಬಿರಕ್ಕೆ ಐವತ್ತೈದು. ಹಸಿರು. ಡಾಕ್ಟರು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ. ಪಟದ ಪಕ್ಕ ನಿಲ್ಲಿಸಿ ಫೋಟೊ ತೆಗೆಸಿದ. ಆ ಫೋಟೊವನ್ನು ದೊಡ್ಡದು ಮಾಡಿಸಿ ಗೇಟಿನ ಬಳಿ ಅಂಟಿಸಿದರು. ಕೆಳಗೆ ಬರೆದಿತ್ತು: ಮನಸ್ಸಿದ್ದರೆ ಯಾರಿಗಾದರೂ ಸಾಧ್ಯ. ಯಾಕೆ ಇಷ್ಟು ಬೇಗ ಇಳಿಯಿತು ಎಂದು ಕೇಳಬೇಕಾದ ಕುರ್ಚಿಯಲ್ಲಿ ಕೂತವನೇ ಚಪ್ಪಾಳೆ ತಟ್ಟಿದ ಮೇಲೆ ಬೇರೆಯವರು ಕೇಳುವುದೆಲ್ಲಿ.

ಅಷ್ಟರಲ್ಲಿ ಪೆಟ್ಟಿಗೆ ಮಾತಾಡತೊಡಗಿತ್ತು. ಗುಂಡಕ್ಕ ತುಳಿದ ದಿಂಡು ಸಡಿಲ ಬರುತ್ತಿತ್ತು. ಕತ್ತರಿ ಯಾರಿಗೂ ಕಾಣದಂತೆ ಒಂದೆಳೆ ತಂತಿ ಹೆಚ್ಚು ಬಿಗಿಯುತ್ತಿದ್ದಳು. ಮೇಸ್ತ್ರಿ ಚಹಾಕ್ಕೆ ಹೋದಾಗ ತಾನೇ ಪೆಟ್ಟಿಗೆಗೆ ಹಾರಿ ತುಳಿಯುತ್ತಿದ್ದಳು. ಗುಂಡಕ್ಕ ಅಂಚಿನ ಮೇಲೆ ಕೂತು ಬೆನ್ನು ಒತ್ತಿಕೊಳ್ಳುತ್ತಿದ್ದಳು. ನಾಲ್ಕನೆಯ ಶಿಬಿರಕ್ಕೆ ನಲವತ್ತೇಳು. ಇನ್ನೂ ಹಸಿರೇ. ಮೇಸ್ತ್ರಿ ಮಾತ್ರ ದಿಂಡನ್ನು ಕಾಲಿನಿಂದ ಒದ್ದು ನೋಡಿ, ಕೆಳಗಿನ ಕೆಂಪಿಗೆ ಬಿದ್ದ ದಿನ ನೀನು ಗೇಟಿನ ಹೊರಗೆ ಎಂದು ಎಚ್ಚರಿಸಿ ಹೋದ.

ಐದನೆಯ ಶಿಬಿರ ಹತ್ತಿರ ಬಂತು. ಅಂಗಳದ ದೊಡ್ಡ ತಕ್ಕಡಿಯ ಮೇಲೆ ಹತ್ತಿ ನೋಡಿದರೆ ನಲವತ್ತೊಂದು. ಲೆಕ್ಕ ಈಗ ಎಲ್ಲರಿಗೂ ಬಾಯಿಪಾಠವಾಗಿತ್ತು, ನಲವತ್ತಮೂರು ಇಲ್ಲದಿದ್ದರೆ ಅವಳಿಗೆ ಕೆಂಪು. ಚಹಾದ ಗುಡಿಸಲಿನಲ್ಲಿ ಪಂಚಾಯಿತಿ ಸೇರಿತು. ಒಬ್ಬರು ಬಾಳೆಹಣ್ಣು ತಿನ್ನಿಸಿ ಎಂದರು, ಇನ್ನೊಬ್ಬರು ನೀರು ಕುಡಿಸಿ ಎಂದರು. ಎರಡೂ ಅವಳಿಗೆ ಇಳಿಯುತ್ತಿರಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ತಕ್ಕಡಿಗೆ ಮೋಸ ಮಾಡುವುದು ಹೇಗೆ ಎಂಬುದು ರದ್ದಿ ಅಂಗಳದವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಮಾರಲು ಬರುವವರು ಕಾಗದಕ್ಕೆ ನೀರು ಚಿಮುಕಿಸಿ ತರುತ್ತಾರೆ. ಕಟ್ಟಿನ ನಡುವೆ ಇಟ್ಟಿಗೆ, ಮರಳು, ಒಮ್ಮೆ ಸತ್ತ ಹೆಗ್ಗಣವೂ ಸಿಕ್ಕಿತ್ತು. ಅದನ್ನು ಹಿಡಿಯುವುದೇ ಇವರ ದಿನದ ಕೆಲಸ. ತೂಕ ಕಡಿಮೆ ಬಿದ್ದರೆ ತೂಕ ಸೇರಿಸು, ಇವರ ಬುದ್ಧಿ ಹರಿಯುವುದೇ ಆ ದಾರಿಯಲ್ಲಿ. ಮುಚ್ಚಿಹೋದ ಛಾಪಖಾನೆಯೊಂದರಿಂದ ಹಳೆಯ ಸೀಸದ ಅಚ್ಚುಮೊಳೆಗಳ ಮೂಟೆ ಬಂದು ಮೂಲೆಯಲ್ಲಿ ಬಿದ್ದಿತ್ತು. ಕಡಲೆಬೀಜದಷ್ಟು ಗಾತ್ರ, ಹಿಡಿಗೆ ತೆಗೆದರೆ ಕೈ ಇಳಿಯುವಷ್ಟು ಭಾರ. ಕತ್ತರಿ ಅದರಲ್ಲಿ ನಾಲ್ಕು ಕೇಜಿ ತೂಗಿ, ಗುಂಡಕ್ಕನ ಒಳಲಂಗದ ಅಂಚಿಗೆ ಸುತ್ತಲೂ ಜೇಬು ಹೊಲಿದು ತುಂಬಿದಳು. ನಡೆಯುವಾಗ ಸದ್ದಾಗಬಾರದೆಂದು ನಡುನಡುವೆ ಚಿಂದಿ ತುರುಕಿದಳು.

ಐದನೆಯ ಶಿಬಿರ ಹಾಗೆ ದಾಟಿತು. ನಲವತ್ತೈದು, ಹಸಿರು. ಆವತ್ತು ಗುಡಿಸಲಿನಲ್ಲಿ ಎಲ್ಲರಿಗೂ ಚಹಾ. ಒಗ್ಗಟ್ಟು ಅಂದರೆ ಇದು ಎಂದು ಬೆನ್ನು ತಟ್ಟಿಕೊಂಡರು. ಗುಂಡಕ್ಕ ತನ್ನ ಲೋಟವನ್ನು ಕತ್ತರಿಯ ಕಡೆ ಸರಿಸಿದಳು.

ಮನೆಯಲ್ಲಿ ಗಂಡನ ಜಂಬ ಇಳಿದಿತ್ತು. ಅವಳು ತಿಂದದ್ದು ವಾಪಸ್ ಬರುವುದನ್ನು ಅವನು ಕಂಡಿದ್ದ. ಪಕ್ಕದಲ್ಲಿ ಮಲಗಿದರೆ ಕೈಗೆ ಮೂಳೆ ಸಿಗುತ್ತಿತ್ತು. ದೊಡ್ಡಾಸ್ಪತ್ರೆಗೆ ಹೋಗೋಣ ಎಂದು ದಿನವೂ ಗೋಗರೆದ. ಆಸ್ಪತ್ರೆಗೆ ಹೋದರೆ ರಜೆ ಕೇಳಬೇಕು, ರಜೆ ಕೇಳಿದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ತಕ್ಕಡಿಗೆ ಹತ್ತಿಸುತ್ತಾರೆ. ಇನ್ನೊಂದು ಶಿಬಿರ ದಾಟಲಿ ಎನ್ನುವುದೇ ಅವಳ ಉತ್ತರ. ಒಳಗೆ ಏನೋ ಕೆಟ್ಟಿದೆ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಗೊತ್ತಿತ್ತು. ಗೇಟಿನ ಹೊರಗೆ ನಿಂತವರನ್ನು ಅವಳು ದಿನವೂ ನೋಡುತ್ತಿದ್ದಳು. ಒಳಗಿನದು ಇನ್ನೂ ಕಂಡಿರಲಿಲ್ಲ.

ಆರನೆಯ ಶಿಬಿರಕ್ಕೆ ಸೀಸ ಏಳು ಕೇಜಿಗೆ ಏರಿತ್ತು. ತಕ್ಕಡಿ ಮತ್ತೆ ನಲವತ್ತೈದು ತೋರಿಸಿತು. ಡಾಕ್ಟರು ತಲೆಯೆತ್ತದೆ ಹಸಿರು ಎಂದ. ನರ್ಸಮ್ಮ ಮುಂದಿನವರನ್ನು ಕರೆಯಲಿಲ್ಲ. ಅವಳು ಗುಂಡಕ್ಕನ ಕೆನ್ನೆ ನೋಡಿದಳು, ಕೊರಳ ಕೆಳಗಿನ ಗುಂಡಿ ನೋಡಿದಳು, ಆಮೇಲೆ ಲಂಗದ ಕಡೆ ನೋಡಿದಳು. ಫ್ಯಾನಿನ ಗಾಳಿಗೆ ಎಲ್ಲರ ಬಟ್ಟೆಯೂ ಹಾರುತ್ತಿತ್ತು, ಇವಳ ಲಂಗ ಮಾತ್ರ ನೆನೆದ ಗೋಣಿಯಂತೆ ನೆಟ್ಟಗೆ ಇಳಿಬಿದ್ದಿತ್ತು. ಚೀಲದಿಂದ ಟೇಪು ತೆಗೆದು ಸೊಂಟಕ್ಕೆ ಸುತ್ತಿದಳು.

"ತೂಕ ಹೋದ ಸಲದಷ್ಟೇ ಇದೆ. ಸೊಂಟ ಎಲ್ಲಿ ಹೋಯ್ತು, ಅಮ್ಮಾ?"

ಕತ್ತರಿ ಮುಂದೆ ಬಂದು, ಸಾಲು ನಿಂತಿದೆ, ಬೇಗ ಬೇಗ ಮುಗಿಸಿ ಎಂದು ಜಗಳ ತೆಗೆದಳು. ಗುಂಡಕ್ಕ ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಪರದೆಯ ಹಿಂದೆ ಹೋಗಿ ಒಳಲಂಗ ಬಿಚ್ಚಿ ಮುದ್ದೆ ಮಾಡಿಕೊಂಡು ಬಂದು ಮೇಜಿನ ಮೇಲಿಟ್ಟಳು. ಮೇಜು ಅಲುಗಿತು.

"ಇಷ್ಟು ನಂದಲ್ಲ," ಎಂದಳು. "ಉಳಿದಿದ್ದು ನಂದು."

ನರ್ಸಮ್ಮ ಅವಳನ್ನು ಬೈಯಲಿಲ್ಲ. ಅವಳು ಬೈದದ್ದು ಸುತ್ತ ನಿಂತವರನ್ನು. ಬೇಕೆಂದು ಇಳಿಸಿದ್ದು ಬೇರೆ, ತಾನಾಗಿ ಇಳಿಯುವುದು ಬೇರೆ. ಪ್ರಯತ್ನವಿಲ್ಲದೆ ಆರು ತಿಂಗಳಲ್ಲೋ ವರ್ಷದಲ್ಲೋ ಮೈತೂಕದ ಇಪ್ಪತ್ತರಲ್ಲೊಂದು ಪಾಲು ಹೋದರೂ ಡಾಕ್ಟರ ಹತ್ತಿರ ಓಡಬೇಕು, ಆಗ ಅಂಕಿ ಹಸಿರಿನಲ್ಲೇ ಇದ್ದರೂ ಓಡಬೇಕು, ಈಕೆಯದು ಅರ್ಧಕ್ಕರ್ಧ ಹೋಗಿದೆ ಎಂದಳು. ಬಾಡಿಗೆ ಡಾಕ್ಟರು ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತ ಕೂತಿದ್ದ.

ದೊಡ್ಡಾಸ್ಪತ್ರೆಯಲ್ಲಿ ಬಾಯಿಂದ ನಳಿಕೆ ಇಳಿಸಿ ನೋಡಿದರು. ಜಠರದಲ್ಲಿ ಗಡ್ಡೆ. ನಾಲ್ಕು ತುತ್ತಿಗೆ ಹೊಟ್ಟೆ ತುಂಬುತ್ತಿದ್ದುದು ಪಾಠ ಕಲಿತದ್ದಕ್ಕಲ್ಲ, ಒಳಗೆ ಜಾಗ ಇರಲಿಲ್ಲ. ಅದು ಯಕೃತ್ತಿಗೂ ದಾಟಿತ್ತು. ಊಟ ಸೇರದೆ ಹೋದಾಗಲೇ ಬಂದಿದ್ದರೆ ಕೊಯ್ದು ತೆಗೆದು ನೋಡಬಹುದಿತ್ತು, ಈಗ ನೋವಿಗೆ ಔಷಧಿ ಕೊಡಬಹುದು ಅಷ್ಟೇ ಎಂದು ಸರ್ಜನ್ ಗಂಡನಿಗೆ ಹೇಳಿದ. ಕತ್ತರಿ ಅಲ್ಲೇ ಇದ್ದಳು. ಆವತ್ತಿನಿಂದ ಎಷ್ಟೋ ದಿನ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಮಾಲೀಕನಿಗೆ ಮಾತ್ರ ಮಾತು ಸಿಕ್ಕಿತು. ಪಟ ಸುಳ್ಳು ಹೇಳಿಲ್ಲ, ನೀವು ಹೇಳಿದಿರಿ. ಸೀಸ ಹೊಲಿದವಳು ಕತ್ತರಿ, ಅವಳು ನಾಳೆಯಿಂದ ಬರುವುದು ಬೇಡ ಎಂದ. ಆ ಮಾತಿನಲ್ಲಿ ಅರ್ಧ ನಿಜವಿತ್ತು. ಉಳಿದರ್ಧವನ್ನು ನಮ್ಮ ಸಂಘ ಗೇಟಿನ ಬಳಿ ಕೂತು ಹೇಳಿತು: ನಿಜ ಹೇಳಿದವರಿಗೆ ಗೇಟು ತೋರಿಸುವ ತಕ್ಕಡಿಗೆ ನಿಜ ಹೇಳುವವರು ಯಾರು? ಮಾಲೀಕ ಕೇಳಿಸಿಕೊಳ್ಳಲಿಲ್ಲ. ಲಾರಿಗಳನ್ನು ಹಿಂದಿನ ಗೇಟಿನಿಂದ ಬಿಟ್ಟುಕೊಂಡ.

ಕತ್ತರಿಯ ಕೆಲಸ ಹೋಯಿತೆಂದು ಗುಂಡಕ್ಕನಿಗೆ ತಿಳಿದದ್ದು ಗಂಡನಿಂದ. ಸಂಘ ಕೇಳಿ ಪಡೆದ ವಿಚಾರಣೆಯ ದಿನ ಅವನ ಸೈಕಲ್ಲಿನ ಹಿಂದೆ ಕೂತು ಬಂದಳು. ಗೇಟಿನ ಫೋಟೊ ಅಷ್ಟರಲ್ಲಿ ಕಿತ್ತು ಹಾಕಿದ್ದರು, ಅಂಟಿನ ಗುರುತು ಮಾತ್ರ ಇತ್ತು. ಆಫೀಸಿನಲ್ಲಿ ಮಾಲೀಕ, ಮೇಸ್ತ್ರಿ, ಸಂಘದ ಇಬ್ಬರು. ಮೂಲೆಯಲ್ಲಿ ಕತ್ತರಿ. ಗುಂಡಕ್ಕ ಯಾರನ್ನೂ ಕೇಳದೆ ಶಿಬಿರದ ತಕ್ಕಡಿಯನ್ನು ಕಾಲಿನಿಂದ ಎಳೆದುಕೊಂಡು ಅದರ ಮೇಲೆ ಹತ್ತಿದಳು. ಮೂವತ್ತಾರು.

"ಸರಿಯಾಗಿ ನೋಡ್ಕೊಳ್ಳಿ, ಸಾಹುಕಾರ್ರೆ," ಎಂದಳು. ಧ್ವನಿ ಗಾಳಿಯಷ್ಟೇ ಇತ್ತು. "ದಪ್ಪ ಇದ್ದಾಗ ಹೊರಗ್ಹೋಗು ಅಂದ್ರಿ. ಇಳಿದಾಗ ಚಪ್ಪಾಳೆ ತಟ್ಟಿದ್ರಿ. ಇನ್ನೂ ಇಳಿದಾಗ ಮತ್ತೆ ಹೊರಗ್ಹೋಗು ಅಂದ್ರಿ. ಯಾಕೆ ಇಳೀತಿದ್ದೀಯ ಅಂತ ಒಬ್ರಾದ್ರೂ ಕೇಳಿದ್ರಾ?"

ಮಾಲೀಕ ಕಿಟಕಿ ಕಡೆ ನೋಡಿದ. ಗುಂಡಕ್ಕ ಸಂಘದವರ ಕಡೆ ತಿರುಗಿದಳು.

"ನೀವೂ ಕೇಳ್ಲಿಲ್ಲ ಬಿಡಿ. ಸೀಸ ತಂದ್ರಿ." ಆಮೇಲೆ ಕತ್ತರಿಯನ್ನು ನೋಡಿದಳು. "ಇವಳು ಹೊಲಿದಿದ್ದು ಹೌದು. ಉಟ್ಕೊಂಡಿದ್ದು ನಾನು. ನಾನೇನು ಎಳೆ ಮಗುವಾ? ಇವಳನ್ನ ಕಳಿಸಿದ್ರೆ ನಾನು ದಿನಾ ಬಂದು ಈ ತಕ್ಕಡಿ ಮೇಲೆ ನಿಲ್ತೀನಿ. ಸಾಯೋದು ಇಲ್ಲೇ ಸಾಯ್ತೀನಿ. ಎತ್ತಿ ಹಾಕೋದು ನಿಮ್ಮ ಕೆಲಸ."

ಬೆದರಿಕೆಯಲ್ಲ ಅದು. ಅವಳು ಹೇಳಿದರೆ ಮಾಡುವವಳು, ಅದು ಮಾಲೀಕನಿಗೂ ಗೊತ್ತಿತ್ತು. ಮರುದಿನ ನಿಜವಾಗಿಯೂ ಬಂದಳು. ಅದರ ಮರುದಿನವೂ. ಲಾರಿ ಡ್ರೈವರುಗಳು ಇಳಿದು ಬಂದು ನೋಡಿ, ಏನು ಸಮಾಚಾರ ಎಂದು ವಿಚಾರಿಸಿ, ಗಾಡಿ ಹತ್ತದೆ ನಿಲ್ಲತೊಡಗಿದರು. ಕತ್ತರಿಗೆ ಕೆಲಸ ವಾಪಸ್ ಸಿಕ್ಕಿತು, ಪೆಟ್ಟಿಗೆಯಲ್ಲಲ್ಲ, ವಿಂಗಡಣೆಯಲ್ಲಿ. ದವಾಖಾನೆ ಎಂದು ಒಂದು ಕೋಣೆಯೂ ಸಿಕ್ಕಿತು. ಅದರಲ್ಲಿ ನರ್ಸಮ್ಮ ವಾರಕ್ಕೊಂದು ದಿನ ಕೂರುತ್ತಾಳೆ. ಕೆಂಪು ಬಂದವರು ಪೆಟ್ಟಿಗೆಗೆ ಇಳಿಯಬಾರದು ಎಂಬ ನಿಯಮವನ್ನು ಮಾತ್ರ ಮಾಲೀಕ ಬಿಡಲಿಲ್ಲ.

ಗುಂಡಕ್ಕ ಆಮೇಲೆ ಹೆಚ್ಚು ದಿನ ಇರಲಿಲ್ಲ. ಕೊನೆಗೆ ನೀರೂ ಇಳಿಯಲಿಲ್ಲ. ಗಂಡ ಅಂಗಡಿ ಮುಚ್ಚಿ ಅವಳ ತುಟಿಗೆ ಒದ್ದೆ ಬಟ್ಟೆ ಒತ್ತುತ್ತ ಕೂತಿದ್ದ. ಹೋಗುವ ಹಿಂದಿನ ದಿನ ಕತ್ತರಿ ಬಂದಾಗ, ಮಾತಾಡೇ, ನಿನ್ನ ಬಾಯಿ ಮುಚ್ಚಿದ್ರೆ ಯಾರೋ ಸತ್ತಂಗಿರುತ್ತೆ ಎಂದಳಂತೆ. ಕತ್ತರಿ ಬಿಕ್ಕಿದಳು.

ಈಗ ಕತ್ತರಿ ಮಾತಾಡುತ್ತಾಳೆ. ಅಂಗಳದಲ್ಲಿ ಯಾರಾದರೂ ಸಣ್ಣಗಾದರೆ ಚೆನ್ನಾಗಿ ಕಾಣ್ತೀಯ ಎನ್ನುವ ಮಾತು ಅವಳ ಬಾಯಿಂದ ಬರುವುದಿಲ್ಲ. ನೇರವಾಗಿ ಎದುರು ಬಂದು ನಿಂತು, ಬೇಕಂತ ಇಳಿಸಿದ್ದಾ, ತಾನಾಗಿ ಇಳಿತಾ ಎಂದು ಕೇಳುತ್ತಾಳೆ. ಜನಕ್ಕೆ ಅವಳನ್ನು ಕಂಡರೆ ಆಗುವುದಿಲ್ಲ. ದೂರದಿಂದ ಕಂಡರೇ ಬಟ್ಟೆ ಸಡಿಲ ಮಾಡಿಕೊಳ್ಳುತ್ತಾರೆ, ಹೊಟ್ಟೆ ಮುಂದೆ ಚಾಚಿ ನಡೆಯುತ್ತಾರೆ.

ಮೊನ್ನೆ ಶಿಬಿರದ ಹಿಂದಿನ ದಿನ, ಗುಂಡಕ್ಕನ ಜಾಗದಲ್ಲಿ ತುಳಿಯುತ್ತಿರುವ ಹೆಂಗಸು ಬಿಸಿಲಿನಲ್ಲಿ ಎರಡು ಲಂಗ ಉಟ್ಟು ಬಂದಿದ್ದಳು. ಕತ್ತರಿ ಅವಳ ಮಣಿಕಟ್ಟನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಸುತ್ತಿ ಹಿಡಿದು ನೋಡಿದಳು. ಬೆರಳು ಒಂದರ ಮೇಲೊಂದು ಹತ್ತಿದವು. ಕೋಣೆಗೆ ನಡಿ ಎಂದಳು.

"ನಿಂಗೇನು, ಹೇಳ್ತೀಯ, ಅಕ್ಕಾ. ಪೆಟ್ಟಿಗೆ ಹೋದ್ರೆ ನನ್ನ ಮಕ್ಕಳಿಗೆ ನೀನು ಅನ್ನ ಹಾಕ್ತೀಯಾ?"

ಕತ್ತರಿ ಹಿಡಿದ ಮಣಿಕಟ್ಟು ಬಿಡಲಿಲ್ಲ. ದಾರಿಯುದ್ದಕ್ಕೂ ಆ ಹೆಂಗಸು ಬೈಯುತ್ತ, ಕತ್ತರಿ ಬೈಸಿಕೊಳ್ಳುತ್ತ, ಇಬ್ಬರೂ ನರ್ಸಮ್ಮನ ಬಾಗಿಲಿಗೆ ಹೋದರು. ಆ ಹೆಂಗಸಿನ ಪರೀಕ್ಷೆ ಇನ್ನೂ ನಡೆಯುತ್ತಿದೆ. ಅವಳು ಈಗ ಗೇಟಿನ ಹೊರಗಿದ್ದಾಳೆ. ಸಂಘದವರು ಅವಳ ಜೊತೆ ಕೂತಿದ್ದಾರೆ.